ಕತ್ತರಿ ಸಿಸ್ಟರಳ ನೀಲಿ ಗೌನು

ತಲೆ ತೂರಿತು, ಎಡಗೈಯೂ ತೂರಿತು. ಬಲಗೈ ಮಾತ್ರ ಮೊಣಕೈವರೆಗೆ ಹೋಗಿ ನಿಂತುಬಿಟ್ಟಿತು. ಮಂಚದ ಮೇಲೆ ಮಂಡಿಯೂರಿದ್ದ ಮಗಳು ಸತ್ತ ತಾಯಿಯ ಸೆಟೆದ ತೋಳನ್ನು ನೀಲಿ ಗೌನಿನೊಳಗೆ ತುರುಕಲು ಇನ್ನೊಮ್ಮೆ ಜಗ್ಗಿದಳು. ಎಲ್ಲೋ ಒಂದು ಹೊಲಿಗೆ ಪಟ್ಟೆಂದಿತು.

"ಹಾಗೆ ಎಳೀಬೇಡ," ಎಂದಳು ಗೋಡೆಗೊರಗಿ ನಿಂತಿದ್ದ ಚಿಕ್ಕಮ್ಮ. "ಹೊಲಿಗೆ ಬಿಡುತ್ತೆ."

"ಹಾಗಾದ್ರೆ ನೀವೇ ಬಂದು ಕೈ ಹಾಕಿ. ತಮಾಷೆ ನೋಡೋಕೆ ಬಂದಿದ್ದೀರಾ?"

ಚಿಕ್ಕಮ್ಮ ಅಲುಗಲಿಲ್ಲ. ಅಕ್ಕನ ಮನೆಯ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು. ಸುದ್ದಿ ಕೇಳಿ ಬಂದದ್ದೇ ಹೆಚ್ಚು ಎಂದುಕೊಂಡಿದ್ದಳು. ಬಟ್ಟೆ ಹೊಲಿಯುವುದು ಅವಳ ಕಸುಬು. ಈ ನೀಲಿ ಗೌನನ್ನು ಹೊಲಿದವಳೂ ಅವಳೇ. ಅಕ್ಕ ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ಹೆಡ್ ಸಿಸ್ಟರ್ ಆದಾಗ, ಇಬ್ಬರ ನಡುವೆ ಮಾತುಕತೆ ಇದ್ದ ಕಾಲದಲ್ಲಿ, ಆಸೆಯಿಂದ ಹೊಲಿದು ಕೊಟ್ಟಿದ್ದಳು. ಮಹಾರಾಯಿತಿ ಒಂದು ಸಲವೂ ತೊಟ್ಟಿರಲಿಲ್ಲ. ಈಗ ಮಣ್ಣಿಗೆ ಹೋಗುವ ಹೊತ್ತಿಗೆ ಬೇಕಾಯಿತೇ ಎಂದು ಚಿಕ್ಕಮ್ಮನಿಗೆ ಮೈಯೆಲ್ಲ ಉರಿಯಿತು.

"ಬೇರೆ ಯಾವುದಾದ್ರೂ ಹಾಕು. ಅವಳೇನು ಮೊದಲಿನ ಹಾಗೆ ತೆಳ್ಳಗಿದ್ದಾಳಾ?"

"ಇದನ್ನೇ ಹಾಕು ಅಂತ ಅಮ್ಮ ಹೇಳಿದ್ಲು. ನನ್ನ ಹತ್ರ ಅವಳು ಕೇಳಿದ್ದೇ ಇದೊಂದು."

ಬಾಗಿಲಾಚೆ, ಹೊರಗಿನ ಕೋಣೆಯಲ್ಲಿ, ಬಂದವರ ಮಾತು ಜೋರಾಗುತ್ತಿತ್ತು.

"ಕತ್ತರಿ ಸಿಸ್ಟರ್ ಅಂತ ಹೆಸರು ಸುಮ್ನೆ ಬಂತಾ? ನನ್ನ ಕಾಲು ಬರೀ ಉಳುಕಿತ್ತು. ಅಷ್ಟಕ್ಕೆ ಹೊಸ ಪ್ಯಾಂಟನ್ನ ಸೊಂಟದವರೆಗೂ ಸೀಳಿದ್ಲು. ಚಡ್ಡೀಲಿ ಮನೆಗೆ ಬಂದೆ," ಎಂದಿತು ಪಕ್ಕದ ಮನೆಯವನ ದನಿ.

"ನಿಮ್ಮದು ಒಂದು ಪ್ಯಾಂಟಿಗೆ ಮುಗೀತು. ನಾನು ಜೀವಮಾನ ಪೂರ್ತಿ ಬೈಸ್ಕೊಂಡಿದ್ದೀನಿ," ಎಂದ ಸತ್ತವಳ ವಿಭಾಗದಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ ಮುದುಕ. "ಸತ್ತವರ ಬಗ್ಗೆ ಒಳ್ಳೇದು ಹೇಳ್ಬೇಕಂತೆ. ನೆನಪಾಗೋವರೆಗೂ ಸುಮ್ಮನಿರ್ತೀನಿ."

ಮರುಗಳಿಗೆಯೇ ಅವನು ಬಾಗಿಲು ತಟ್ಟಿದ. "ಬೇಗ ಆಗ್ಲಮ್ಮ, ಗಾಡಿಯವನು ಗೊಣಗ್ತಿದ್ದಾನೆ. ಬಟ್ಟೆ ಹೋಗ್ತಿಲ್ವಾ? ಬೆನ್ನಿನ ಕಡೆ ಸೀಳಿಬಿಡಿ. ಹೆಣದ ಕೋಣೇಲಿ ನಾವು ಹಾಗೇ ಮಾಡ್ತಿದ್ವಿ. ಮಲಗಿಸಿದ ಮೇಲೆ ಯಾರಿಗೆ ಕಾಣುತ್ತೆ?"

ಮಗಳು ಮೇಜಿನ ಖಾನೆ ಎಳೆದು ತಾಯಿಯ ಕತ್ತರಿ ತೆಗೆದಳು. ತುದಿ ಬಾಗಿದ, ಮೊಂಡು ಮೂಗಿನ ಆಸ್ಪತ್ರೆಯ ಕತ್ತರಿ. ಚಿಕ್ಕಮ್ಮನಿಗೆ ಅದರ ಗುರುತು ಚೆನ್ನಾಗಿಯೇ ಇತ್ತು.

*

ವರ್ಷಗಳ ಹಿಂದೆ, ಬಸ್ಸು ಮಗುಚಿದ ದಿನ, ಚಿಕ್ಕಮ್ಮ ಅಕ್ಕನ ಆಸ್ಪತ್ರೆಯೊಳಕ್ಕೆ ತನ್ನ ಕಾಲ ಮೇಲೇ ನಡೆದು ಬಂದಿದ್ದಳು. ಮೈಮೇಲೆ ತಮ್ಮಿಬ್ಬರ ಅಮ್ಮ ಹೊಲಿದ ಬಿಳಿ ಗೌನು, ಎದೆಯ ತುಂಬ ಅಮ್ಮನ ಕೈಯ ಕಸೂತಿ. ಕಣ್ಣು ಮುಚ್ಚುವ ಮೊದಲು ಅಮ್ಮ ಮುಗಿಸಿದ ಕೊನೆಯ ಬಟ್ಟೆ ಅದು. ಅದರ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ.

"ನನಗೇನೂ ಆಗಿಲ್ಲಕ್ಕ. ಸ್ವಲ್ಪ ಸುಸ್ತು, ಅಷ್ಟೆ."

ಅಕ್ಕ ನಾಡಿ ಹಿಡಿದು ನೋಡಿದಳು. ಮುಖ ನೋಡಲಿಲ್ಲ. "ಮಲಗಿಸಿ ಇವಳನ್ನ."

"ಅಮ್ಮನ ಗೌನು ಕಣೇ! ತಾಳು, ಬಿಚ್ಚಿ ಕೊಡ್ತೀನಿ. ಹೊಲಿಗೆ ಗುಂಟ ಆದ್ರೂ ಕತ್ತರಿಸೇ..."

"ಹಿಡ್ಕೊಳ್ರೋ!"

ಕತ್ತರಿ ಅಂಚಿನಿಂದ ಕೊರಳವರೆಗೆ, ಕಸೂತಿಯ ನಟ್ಟನಡುವೆ ಓಡಿತು. ಅದರ ಮುಂದೆ ಮುಂದೆ ಅಕ್ಕನ ಎಡಗೈ ಬಟ್ಟೆಯೊಳಗೆ ಸರಿದು ಬರುತ್ತಿತ್ತು. ತಂಗಿಯ ಮೈಗೂ ಅಲಗಿಗೂ ನಡುವೆ ಒಂದು ತಣ್ಣನೆಯ ಅಂಗೈ. ಪಕ್ಕೆಯ ಕೆಳಗೆ ಅಂಗಿಯ ಗುಂಡಿಯಷ್ಟೇ ಅಗಲದ ಕಪ್ಪು ಕಲೆ ಕಂಡಿತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ಯಾರೋ ಕೂಗಿದರು. ಸುತ್ತ ನಿಂತವರ ಎದುರು ಬರಿಮೈಯಲ್ಲಿ ಮಲಗಿದ್ದವಳಿಗೆ ನಾಚಿಕೆಯೊಂದು ಬಿಟ್ಟು ಬೇರೇನೂ ತೋಚಲಿಲ್ಲ.

ಬದುಕಿಕೊಂಡಳು. ಎದ್ದು ಕೂರುವಂತಾದ ಮೇಲೆ, ಚೂರುಗಳನ್ನಾದರೂ ಕೂಡಿಸಿ ಹೊಲಿದುಕೊಳ್ಳೋಣವೆಂದು, ಗೌನು ಎಲ್ಲಿ ಎಂದು ಅಕ್ಕನನ್ನು ಕೇಳಿದಳು. ಆಸ್ಪತ್ರೆಯ ಕಸದ ಜೊತೆ ಸುಟ್ಟುಬಿಟ್ಟಿದ್ದರಂತೆ.

"ಹೋಗ್ಲಿ ಬಿಡೇ," ಎಂದಿದ್ದಳು ಅಕ್ಕ, ಪಕ್ಕದ ಹಾಸಿಗೆಯವನಿಗೆ ಬ್ಯಾಂಡೇಜು ಸುತ್ತುತ್ತಲೇ. "ಬಟ್ಟೆ ತಾನೆ?"

ಹೊಲಿದು ಬದುಕುವವಳಿಗೆ ಹೇಳುವ ಮಾತೇ ಅದು? ಅಂದಿನಿಂದ ಅವಳು ಅಕ್ಕನ ಮುಖ ನೋಡಲಿಲ್ಲ. ಜೀವ ಉಳಿಸಿದ ಪುಣ್ಯಾತ್ಗಿತ್ತಿ ಎಂದು ಜನ ಹೊಗಳಿದಷ್ಟೂ ಅವಳ ದ್ವೇಷ ಬಲಿಯಿತು. ಜೀವ ಉಳಿಸಿದವಳನ್ನು ಬಾಯಿ ತುಂಬ ಬೈಯುವುದಕ್ಕೂ ಆಗುವುದಿಲ್ಲವಲ್ಲ.

*

ಮಗಳು ತಾಯಿಯನ್ನು ಮಗ್ಗುಲಿಗೆ ಹೊರಳಿಸಿ, ಗೌನನ್ನು ಕೆಳಗೆಳೆದು, ಬೆನ್ನಿನ ಅಂಚಿಗೆ ಕತ್ತರಿ ಇಟ್ಟಳು. ಅಲಗು ಬಟ್ಟೆ ಹಿಡಿಯದೆ ಜಾರಿತು.

"ಕೊಡು ಇಲ್ಲಿ," ಎಂದಳು ಚಿಕ್ಕಮ್ಮ.

"ಬೇಕಾಗಿಲ್ಲ. ಅಮ್ಮ ಎಷ್ಟು ಸಲ ಹೇಳಿ ಕಳಿಸಿದ್ಲು, ಬಂದ್ರಾ ನೀವು?"

"ಬರಲಿಲ್ಲ. ತಪ್ಪಾಯ್ತು ಅಂತ ಒಂದೇ ಒಂದು ಸಲ ಹೇಳಿ ಕಳಿಸಿದ್ಲಾ ನಿಮ್ಮಮ್ಮ?"

"ಇಲ್ಲ. ಅದೆಲ್ಲ ಅವಳ ಬಾಯಲ್ಲಿ ಬರ್ತಿರ್ಲಿಲ್ಲ. ಆದ್ರೆ ಯಾವ ಮದುವೆಗೂ ಈ ಗೌನು ತೆಗೀತಿರ್ಲಿಲ್ಲ. ದಾರೀಲಿ ಯಾರಾದ್ರೂ ಬಿದ್ದಿದ್ರೆ ನಾನು ಬಗ್ಗಬೇಕಾಗುತ್ತೆ, ಇದಕ್ಕೆ ರಕ್ತ ಹತ್ತುತ್ತೆ ಅಂತಿದ್ಲು."

ಚಿಕ್ಕಮ್ಮ ಅವಳ ಕೈಯಿಂದ ಕತ್ತರಿ ಕಿತ್ತುಕೊಂಡಳು. ಮಡಿಕೆಗಳ ನಡುವೆ ತನ್ನದೇ ಸಣ್ಣ ಹೊಲಿಗೆಗಳು ಒಂದೂ ಮಾಸದೆ ಕುಳಿತಿದ್ದವು. ಒಂದೊಂದಾಗಿ ಬಿಚ್ಚಿದರೆ ಗೌನು ಉಳಿಯುತ್ತಿತ್ತು. ಅಷ್ಟು ಹೊತ್ತು ಎಲ್ಲಿತ್ತು? ಹೊರಗೆ ಗಾಡಿಯವನು ಹಾರನ್ ಹೊಡೆದ.

"ಹಾಳಾಗುತ್ತಲ್ಲ, ಚಿಕ್ಕಮ್ಮ!" ಬೆಳಗಿನಿಂದ ಅಳದಿದ್ದ ಮಗಳಿಗೆ ಈಗ ಅಳು ಒತ್ತರಿಸಿ ಬಂತು.

"ಆಗ್ಲಿ ಬಿಡೇ," ಎಂದು ಗದರಿದಳು ಚಿಕ್ಕಮ್ಮ. "ಬಟ್ಟೆ ತಾನೆ?"

ಅಕ್ಕನ ಮುಖದ ಕಡೆ ತಿರುಗಲಿಲ್ಲ. ತಿರುಗಿದ್ದರೆ ಕೈ ಓಡುತ್ತಿರಲಿಲ್ಲ. ಕತ್ತರಿ ಅಂಚಿನಿಂದ ನೇರ ಮೇಲಕ್ಕೆ ಹೊರಟಿತು. ಅದರ ಮುಂದೆ ಮುಂದೆ ಅವಳ ಎಡಗೈ ಬಟ್ಟೆಯೊಳಗೆ ಸರಿಯುತ್ತ, ಇನ್ನೆಂದೂ ಗಾಯವಾಗದ ಆ ಬೆನ್ನಿಗೂ ಅಲಗಿಗೂ ನಡುವೆ ಅಂಗೈ ಒಡ್ಡಿಕೊಂಡು, ಕೊರಳವರೆಗೂ ಹೋಯಿತು.