ನೂರಾ ಅರವತ್ತು ಗ್ರಾಂ

ತಪ್ಪು ತಿಳಿಯಬಾರದು, ಇದರ ಬಗ್ಗೆ ಮಾತಾಡೋಕೆ ನಾನು ಯಾರು, ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಆಹಾರಶಾಸ್ತ್ರ ಓದಿದವಳು, ಅಷ್ಟೇ, ಆದರೆ ಇವಳ ಮೇಲ್ತುಟಿಯ ಮೇಲೆ ಈಗಷ್ಟೇ ಇದ್ದ ಬೆವರು ಎಲ್ಲಿ ಹೋಯಿತು, ಒರೆಸಿಕೊಂಡಳಾ, ಇಲ್ಲ, ಎರಡೂ ಕೈ ಕಂಬಳಿಯೊಳಗಿವೆ, ಮೂರು ಕಂಬಳಿ, ಅದರೊಳಗೆ ಪ್ಲಾಸ್ಟಿಕ್ ಅಂಗಿ, ಕಾಲ ಹತ್ತಿರ ಹೀಟರ್, ಉಗುಳೋಕೆ ಇಟ್ಟ ಕಾಗದದ ಲೋಟದ ತಳ ಒಣಗಿದೆ — ಗೋಡೆಯಾಚೆ ತೂಕದ ಕೋಣೆ, ಅದರ ಬಾಗಿಲು ಮುಚ್ಚೋಕೆ ಇನ್ನು ಇಪ್ಪತ್ತೆರಡು ನಿಮಿಷ. ಅಷ್ಟರೊಳಗೆ ಐವತ್ತೊಂಬತ್ತು ಕೆ.ಜಿ.ಗೆ ಇಳಿಯದಿದ್ದರೆ ಇವತ್ತು ಇವಳು ಭಾರ ಎತ್ತುವಂತಿಲ್ಲ, ಎತ್ತದಿದ್ದರೆ ರಾಷ್ಟ್ರೀಯ ತಂಡದಲ್ಲಿ ಜಾಗ ಇಲ್ಲ, ಆರು ವರ್ಷದ ಕೆಲಸ ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಿನ ಹಿಂದೆ ತೂಕಕ್ಕೆ ನಿಂತಾಗ ಐವತ್ತೊಂಬತ್ತು ಪಾಯಿಂಟ್ ಒಂದು ಆರು. ನೂರಾ ಅರವತ್ತು ಗ್ರಾಂ, ಒಂದು ಲೋಟ ನೀರು ಕಣ್ರೀ ಮೇಡಂ, ಅಂದರು ಕೋಚ್, ಹೋಗತ್ತೆ ಬಿಡಿ, ಬಂಡೆ ಇವಳು. ಹಾಸ್ಟೆಲಿನ ಹುಡುಗಿಯರೆಲ್ಲ ಬಂಡೆ ಅಂತಲೇ ಕರೆಯೋದು, ಇವಳೂ ಕರೆಸಿಕೊಂಡು ನಗುತ್ತಾಳೆ, ಈಗ ನಗುತ್ತಿಲ್ಲ, ಮೂಗಿನ ತುದಿ ಬೆಳ್ಳಗಾಗಿದೆ, ಅಥವಾ ಟ್ಯೂಬ್‌ಲೈಟಿನ ಬೆಳಕೇ ಹಾಗಿರಬಹುದು, ನನಗೆ ಯಾವಾಗಲೂ ಹೀಗೆ, ಕಂಡದ್ದನ್ನೇ ನಂಬೋಕಾಗಲ್ಲ.

ಅಮ್ಮ ಕೇಳಿದ್ದಳು, ತೂಕ ನೋಡೋದು ಕಲಿಯೋಕೆ ಎರಡು ವರ್ಷ ಬೇಕೇನೇ, ತರಕಾರಿಯವಳು ಒಂದೇ ದಿನದಲ್ಲಿ ಕಲೀತಾಳೆ. ಅದು ಹಾಗಲ್ಲಮ್ಮ, ತೂಕದೊಳಗೆ ಏನೇನಿದೆ ಅಂತ ನೋಡೋದು, ಅಂತ ದೊಡ್ಡದಾಗಿ ಹೇಳಿದ್ದೆ. ಪ್ರತಿ ಸೋಮವಾರ ತೋಳಿನ ಹಿಂದೆ, ಹೊಟ್ಟೆ, ತೊಡೆ, ಚರ್ಮ ಚಿವುಟಿ ಹಿಡಿದು ಇಕ್ಕಳದಂಥ ಆ ಉಪಕರಣದಲ್ಲಿ ಕೊಬ್ಬು ಅಳೆಯುವವಳು ನಾನು, ನಿಮ್ಮ ಇಕ್ಕಳಕ್ಕೆ ನನ್ನ ಮೇಲೆ ಯಾವ ಜನ್ಮದ ಸೇಡು ಅಕ್ಕಾ ಅನ್ನುವವಳು ಇವಳು, ವಾರವಾರವೂ ಕೊಬ್ಬು ಇಳಿಯುತ್ತಿತ್ತು, ಮಾಂಸಖಂಡ ಏರುತ್ತಿತ್ತು, ತೂಕ ಮಾತ್ರ ಅರವತ್ತೊಂದೂವರೆಯಲ್ಲೇ ಕೂತಿತ್ತು. ನಾನು ಹಸಿರು ಶಾಯಿಯಲ್ಲಿ ಉತ್ತಮ ಅಂತ ಬರೆದೆ. ಪಥ್ಯದ ಎಂಟನೇ ವಾರ ಉತ್ತಮ, ಒಂಬತ್ತನೇ ವಾರ ಅತ್ಯುತ್ತಮ, ಅಡಿಗೆರೆ ಬೇರೆ. ಕರಗಿಸೋಕೆ ಕೊಬ್ಬೇ ಉಳಿದಿಲ್ಲ, ಈ ಮೈ ಅದರ ಮೇಲಿನ ತೂಕದ ವರ್ಗಕ್ಕೆ, ಅರವತ್ತನಾಲ್ಕಕ್ಕೆ ಹೊರಟಿದೆ ಅಂತ ಆ ಅಂಕಿಗಳೇ ಹೇಳುತ್ತಿದ್ದವು, ನಾನು ನನ್ನ ಪಥ್ಯ ಫಲ ಕೊಟ್ಟಿತು ಅಂತ ಬೀಗುತ್ತಿದ್ದೆ. ಹತ್ತನೇ ವಾರದಲ್ಲಿ ಹೊಳೆಯಿತು. ವರ್ಗ ಬದಲಿಸೋಕೆ ಇನ್ನೂ ಮೂರು ದಿನ ಇತ್ತು, ಕೋಚ್ ಕೋಣೆಯ ಬಾಗಿಲವರೆಗೂ ಹೋದೆ, ಒಳಗೆ ಅವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ಐವತ್ತೊಂಬತ್ತರಲ್ಲಿ ನಮ್ಮ ಹುಡುಗಿಯನ್ನ ಮುಟ್ಟೋರಿಲ್ಲ ಅಂತ — ಅವರು ಹದಿನಾರು ವರ್ಷದಿಂದ ಎತ್ತಿಸುತ್ತಿರುವವರು, ನಾನು ಕ್ಲಿನಿಕ್ಕಿನ ಕೌಂಟರಿನಲ್ಲಿ ಟೋಕನ್ ಕೊಡುತ್ತಿದ್ದವಳು, ಲೆಕ್ಕ ನನ್ನದೇ ತಪ್ಪಿರಬೇಕು ಅಂದುಕೊಂಡು ಬಂದ ಕಾಲಲ್ಲೇ ವಾಪಸಾದೆ. ಲೆಕ್ಕ ಸರಿಯಾಗಿಯೇ ಇತ್ತು. ಮಾಂಸಖಂಡ ಕರಗಿಸಿದರೆ ಎತ್ತೋದು ಯಾವುದರಿಂದ, ಹಾಗಾಗಿ ಉಳಿದದ್ದು ನೀರೊಂದೇ, ನಿನ್ನೆಯಿಂದ ಅದನ್ನೇ ಹಿಂಡುತ್ತಿದ್ದೇವೆ.

ಹದಿನೇಳು ನಿಮಿಷ. ಕಂಬಳಿಯೊಳಗೆ ಕೈ ಹಾಕಿ ಕತ್ತು ಮುಟ್ಟುತ್ತೇನೆ, ಕಾವಲಿಯ ಹಾಗೆ ಬಿಸಿ, ಒಣ ಬಿಸಿ, ಬೆವರು ನಿಂತರೆ ಅಲ್ಲಿಗೆ ನಿಲ್ಲಿಸಿ ಅಂತ ಕಾಲೇಜಿನ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಮೊದಲು ಎತ್ತೋದು ಎಷ್ಟು ಪುಟ್ಟಾ, ಅಂತ ಕೇಳಿದೆ. ನಿದ್ದೆಗಣ್ಣಲ್ಲೂ ಎಂಬತ್ತೆಂಟು ಅನ್ನುವವಳು. ಕಣ್ಣು ತೆರೆದು ನನ್ನನ್ನೇ ನೋಡಿದಳು, ಎತ್ತಾಯ್ತಲ್ಲಕ್ಕಾ, ಅಂದಳು.

ಎದ್ದು ನಿಂತೆ, ಕೋಚ್ ಕಡೆ ತಿರುಗಿದೆ. ಸಾರ್, ತಪ್ಪು ನಂದು, ಹತ್ತನೇ ವಾರದಲ್ಲೇ ಹೇಳಬೇಕಿತ್ತು, ಈಗ ಇವಳಿಗೆ ನೀರು ಕೊಡ್ತೀನಿ. ಕೂಗಾಡುತ್ತಾರೆ ಅಂದುಕೊಂಡೆ. ಕೋಚ್ ಗಡಿಯಾರ ನೋಡಿದರು, ಇವಳನ್ನು ನೋಡಿದರು, ಮಂಡಿಯೂರಿ ಕೂತು ಹೀಟರಿನ ಪ್ಲಗ್ಗನ್ನು ತಾವೇ ಕಿತ್ತರು, ಕೊಡಿ ಮೇಡಂ, ನನಗೂ ಕಣ್ಣಿತ್ತಲ್ಲ, ಅಂದರು. ಒಂದೊಂದಾಗಿ ಕಂಬಳಿ ತೆಗೆಯುತ್ತಿದ್ದಾರೆ, ಮಗುವಿನ ಮೇಲಿಂದ ತೆಗೆದ ಹಾಗೆ. ಉಪ್ಪು ಸಕ್ಕರೆ ಬೆರೆಸಿದ ಬಾಟಲಿ ತುಟಿಗೆ ಹಿಡಿದೆ, ಬೇಡಕ್ಕಾ, ಇನ್ನೊಂಚೂರೇ ಇರೋದು, ಅಂತ ಹಲ್ಲು ಕಚ್ಚಿದಳು, ಹನಿ ತಾಗಿದ್ದೇ ತಡ ಎರಡೂ ಕೈಯಿಂದ ಬಾಟಲಿ ಕಸಿದುಕೊಂಡಳು, ಅಳುತ್ತಲೇ ಕುಡಿಯುತ್ತಿದ್ದಾಳೆ, ಗಂಟಲು ಏರುತ್ತಿದೆ, ಇಳಿಯುತ್ತಿದೆ, ಹನ್ನೊಂದು ನಿಮಿಷ, ಅಷ್ಟರಲ್ಲಿ ಆ ನೂರಾ ಅರವತ್ತು ಗ್ರಾಂ ಹೋಗುತ್ತಿತ್ತಾ, ಹೋಗುತ್ತಿತ್ತೇನೋ, ಇವಳು ಎದ್ದು ಎಂಬತ್ತೆಂಟು ಎತ್ತಿಯೂ ಬಿಡುತ್ತಿದ್ದಳೇನೋ, ಗಂಟಲು ಏರುತ್ತಿದೆ, ನಾನು ಉಳಿಸಿದ್ದು ಇವಳನ್ನಾ, ನನ್ನ ಹೆದರಿಕೆಯನ್ನಾ, ಇಳಿಯುತ್ತಿದೆ, ಬಾಟಲಿ ಖಾಲಿಯಾದ ಮೇಲೆ ನನ್ನನ್ನು ಅಕ್ಕಾ ಅನ್ನುತ್ತಾಳಾ, ಗೊತ್ತಿಲ್ಲ, ನಿಜವಾಗಿ ಗೊತ್ತಿಲ್ಲ, ಗಂಟಲು ಏರುತ್ತಿದೆ, ಇಳಿಯುತ್ತಿದೆ, ಏರುತ್ತಿದೆ