ಅರ್ಧ ಮಾತು

"ಯಂತ್ರ ಸಿಕ್ತು, ಬದುಕು ಸುಧಾರಿಸ್ತು. ಅಷ್ಟು ಹೇಳಿ ಕೆಳಗಿಳಿ," ಎಂದು ವೇದಿಕೆಯ ಹಿಂದೆ ಶಾಂತಾರಾಮ ಮತ್ತೊಮ್ಮೆ ನೆನಪಿಸಿದ.

ರೋಹಿಣಿ ತಲೆಯಾಡಿಸಿದಳು. ದಾಸನಕೊಪ್ಪದ ಹೊಲಿಗೆ ಸಂಘಕ್ಕೆ ಯಂತ್ರ ಕೊಡಿಸಿದವನು ಆಡಳಿತ ಪಕ್ಷದ ಈ ಶಾಂತಾರಾಮನೇ, ಅದರಲ್ಲಿ ಸುಳ್ಳಿಲ್ಲ. ಆಗೆಲ್ಲ ಸುತ್ತಲಿನ ಶಾಲೆಗಳ ಸಮವಸ್ತ್ರವನ್ನು ಸಂಘದ ಹೆಂಗಸರೇ ಹೊಲಿಯುತ್ತಿದ್ದರು. ಹೋದ ವರ್ಷದಿಂದ ಅದು ಎಲ್ಲಿಂದಲೋ ಹೊಲಿದೇ ಬರತೊಡಗಿ, ಯಂತ್ರಗಳು ಹಳೇ ಸೀರೆ ಹೊದ್ದು ಕೂತಿದ್ದವು. ಸಿರಸಿಯ ಸಮಾವೇಶಕ್ಕೆ ಮಂತ್ರಿ ಬರುತ್ತಾರೆಂದು ತಿಳಿದಾಗ ಸಂಘದ ಹಿರಿಯಳು ಚೌಡಮ್ಮ, "ಎದುರಿಗೇ ಕೇಳಿಬಿಡವ್ವಾ. ಮತ್ತ್ಯಾವಾಗ ಸಿಗ್ತಾರ ಅವ್ರು?" ಎಂದು ತಾನೇ ಅವಳನ್ನು ಬಸ್ಸು ಹತ್ತಿಸಿದ್ದಳು.

ಮೈಕು ಕೈಗೆ ಬಂದಾಗ ರೋಹಿಣಿ ಮಂತ್ರಿಗಳ ಕಡೆ ತಿರುಗಿದಳು. "ಯಂತ್ರ ಕೊಟ್ರಿ, ಭಾಳ ಉಪಕಾರ ಆತ್ರಿ. ನಮ್ಮ ಮಕ್ಕಳ ಓದು ಅದ್ರಾಗ ನಡೀತು." ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದು ಮುಂದುವರಿಸಿದಳು. "ಆದ್ರ ಈಗ ಹೊಲಿಯಾಕ ಬಟ್ಟೇನ ಇಲ್ರಿ. ಖಾಲಿ ಕೈಲೆ ಕುಂತೀವಿ. ಸಾಲಿ ಡ್ರೆಸ್ಸು ತಿರುಗಿ ನಮಗ..."

ಮಂತ್ರಿಗಳು ನಗುತ್ತಲೇ ಮೈಕು ತೆಗೆದುಕೊಂಡರು. "ಕೇಳಿದಿರಾ? ಈ ತಂಗಿಯ ಕೈ ಖಾಲಿ ಮಾಡಿದವರು ವಿರೋಧ ಪಕ್ಷದವರು. ಅವರು ಖಜಾನೆ ಬರಿದು ಮಾಡಿ ಹೋದರು, ನಾವು ತುಂಬಿಸಿದೆವು. ಇವತ್ತು ರಾಜ್ಯದ ಆದಾಯ ನೋಡಿ, ಬೆಳವಣಿಗೆ ನೋಡಿ." ಮಾತು ಬಹಳ ಹೊತ್ತು ನಡೆಯಿತು. ಇಳಿದು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ರೋಹಿಣಿ ಪಕ್ಕದಲ್ಲೇ ಕೈಮುಗಿದು ನಿಂತಿದ್ದಳು. ಯಾರೋ ಹೆಗಲಿಗೆ ಶಾಲು ಹೊದಿಸಿದರು.

ಮರುದಿನ ಊರಿನವರ ಮೊಬೈಲುಗಳಲ್ಲೆಲ್ಲ ಅವಳೇ. ವಿಡಿಯೊದಲ್ಲಿ ಮಾತು ಮಾತ್ರ "ಓದು ಅದ್ರಾಗ ನಡೀತು" ಎಂಬಲ್ಲಿಗೆ ಮುಗಿಯುತ್ತಿತ್ತು. ಸಂಜೆಯೊಳಗೆ "ಖಾಲಿ ಕೈಲೆ ಕುಂತೀವಿ" ಎಂಬುದಷ್ಟೇ ಇದ್ದ ಇನ್ನೊಂದು ತುಣುಕು ಬಂತು. ಅದರ ಹಿಂದೆಯೇ ವಿರೋಧ ಪಕ್ಷದ ಉಲ್ಲಾಸ ಸಂಘದ ಬಾಗಿಲಿಗೆ ಬಂದ.

"ಅಕ್ಕಾರ, ಸರ್ಕಾರದ ಬಣ್ಣ ಬಯಲು ಮಾಡಿದ್ರಿ ನೋಡ್ರಿ. ನಮ್ಮ ಸಭೆಗೂ ಬರ್ರಿ."

"ನೀವು ಸಾಲಿ ಡ್ರೆಸ್ಸಿನ ಮಾತು ಎತ್ತತೀರೇನ್ರಿ?"

"ಮೊದ್ಲ ನಾವು ಗೆದ್ದು ಬರಬೇಕಲ್ರಿ," ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಶಾಂತಾರಾಮ ಬಂದಾಗ ರೇಗಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಬಟ್ಟೆಯ ಗಂಟೊಂದನ್ನು ಇಳಿಸಿ, "ಕೆಲಸ ಇಲ್ಲ ಅಂದ್ಯಲ್ಲ, ತಗ. ಪ್ರಚಾರದ ಬಾವುಟ, ಅಂಚು ಹೊಲಿದುಕೊಡಿ," ಎಂದ. "ಉಲ್ಲಾಸನ ಸಭೆಗೆ ಹೋಗಬೇಡ. ಯಂತ್ರ ಕೊಟ್ಟವರು ವಾಪಸ್ ಕೇಳೋ ಹಂಗೆ ಮಾಡಿಕೊಳ್ಳಬೇಡ."

"ಶಾಂತಾರಾಮಣ್ಣ, ಆ ಸಾಲಿ ಡ್ರೆಸ್ಸು..."

"ನೋಡೋಣ. ಚುನಾವಣೆ ಮುಗೀಲಿ."

ರೋಹಿಣಿ ಚೌಡಮ್ಮನ ಮುಖ ನೋಡಿದಳು. ಮುದುಕಿ ಎದ್ದು ತನ್ನ ಯಂತ್ರದ ಮೇಲಿನ ಸೀರೆ ಸರಿಸಿ ಎಣ್ಣೆ ಬಿಡತೊಡಗಿದಳು.

ನಾಲ್ಕು ದಿನದ ಮೇಲೆ, ಎಲ್ಲರೂ ಬಾವುಟ ಹೊಲಿಯುತ್ತಿದ್ದಾಗ ಬನವಾಸಿ ರಸ್ತೆಯಲ್ಲಿ ಉಲ್ಲಾಸನ ಪ್ರಚಾರದ ಜೀಪು ಬಂತು. ಧ್ವನಿವರ್ಧಕದಲ್ಲಿ ರೋಹಿಣಿಯದೇ ದನಿ, "ಖಾಲಿ ಕೈಲೆ ಕುಂತೀವಿ" ಎಂದು ಮತ್ತೆ ಮತ್ತೆ ಹೇಳುತ್ತಿತ್ತು. ಯಂತ್ರ ತುಳಿಯುತ್ತಿದ್ದ ಹೆಂಗಸರ ಕಾಲುಗಳು ಒಂದೊಂದಾಗಿ ನಿಂತವು. ಯಾರೂ ಅವಳ ಕಡೆ ನೋಡಲಿಲ್ಲ. ಧ್ವನಿ ತಿರುವಿನಾಚೆ ಕರಗುವವರೆಗೂ ಅವಳು ಸೂಜಿಯ ಕೆಳಗೆ ಬಟ್ಟೆಯ ಅಂಚನ್ನು ಮಡಚಿ ಹಿಡಿದೇ ಇದ್ದಳು. ಆಮೇಲೆ ಚೌಡಮ್ಮನ ಯಂತ್ರ ಮತ್ತೆ ಸದ್ದು ಮಾಡಿತು.