ಕೈಗೆತ್ತಿಕೊಂಡ ಕಲ್ಲು

ಒರೊಂಜೊನ ಮಂಡಿಗಳಿಗೆ ಅವನಿಗಿಂತ ನೂರು ವರ್ಷ ಹೆಚ್ಚು ವಯಸ್ಸು. ಏಣಿಯ ಒಂದೊಂದು ಮೆಟ್ಟಿಲಿಗೂ ಅವು ಲಟಲಟ ಎನ್ನುತ್ತಿದ್ದ ಸದ್ದಿಗೆ ಇತ್ರಿಯಾ ಕಣಿವೆಯ ಹಕ್ಕಿಗಳು ಆಲಿವ್ ಮರ ಬಿಟ್ಟೆದ್ದು, ಸಮುದ್ರ ದಾಟಿ ಅಲ್ಬೇನಿಯಾ ಸೇರುತ್ತಿದ್ದವು. ಐವತ್ತೆರಡು ವರ್ಷ ಅವನು ಗಾರೆ ಸೋಕಿಸದೆ ಕಲ್ಲಿನ ಮೇಲೆ ಕಲ್ಲಿಟ್ಟು ತ್ರುಲ್ಲೊ ಮನೆಗಳ ಚೂಪು ಛಾವಣಿಗಳನ್ನು ಎತ್ತಿದ್ದ. ಆ ಕಲ್ಲುಗಳನ್ನೆಲ್ಲ ಸಾಲಾಗಿ ಇಟ್ಟಿದ್ದರೆ ಅವು ರೋಮ್ ಮುಟ್ಟಿ, ಊಟ ಮುಗಿಸಿ, ವಾಪಸು ಬಂದಿರುತ್ತಿದ್ದವು. ಈಗ ಅವನಿಗೆ ಬೇಕಾದದ್ದು ಒಂದು ಕುರ್ಚಿ, ಅಷ್ಟೇ.

ಆದರೆ ಈಗ ಕಟ್ಟುತ್ತಿದ್ದ ಹೊಸ ಮನೆಯ ಛಾವಣಿ ಮುಗಿಯದೆ ಕೂರುವಂತಿರಲಿಲ್ಲ. ಹೊಸ ಮನೆಗೆ ಸಿಮೆಂಟೇ ಆಗಬೇಕು, ಕಲ್ಲನ್ನು ಮೇಲೆ ಅಂಟಿಸಿದರೆ ಸಾಕು ಎಂಬುದು ಪುರಸಭೆಯ ಹಟ. ಒರೊಂಜೊನ ತಂಗಿಯ ಮಗಳು ಎರ್ಮೆಲಿಂದಾ ವಾಸ್ತುಶಿಲ್ಪಿ. ಅವಳು ನಲವತ್ತು ಹಳೆಯ ತ್ರುಲ್ಲೊಗಳನ್ನು ಅಳೆದು, ರಾಶಿಯಲ್ಲಿದ್ದ ಒಂದೊಂದು ಕಲ್ಲಿನ ಆಕಾರವನ್ನೂ ಕಂಪ್ಯೂಟರಿಗೆ ಉಣಿಸಿ, ಯಾವುದು ಎಲ್ಲಿ ಕೂತರೆ ಗಾರೆಯಿಲ್ಲದೆ ನಿಲ್ಲುತ್ತದೆಂದು ಲೆಕ್ಕ ಹಾಕಿಸಿದ್ದಳು. ಪುರಸಭೆಯ ಇನ್‌ಸ್ಪೆಕ್ಟರ್ ಕತಾಲ್ದೊ ಕಣ್ಣಾರೆ ನೋಡಿ ಸಹಿ ಹಾಕಿದರೆ ಮುಂದೆ ಯಾರು ಬೇಕಾದರೂ ಹೀಗೆ ಕಟ್ಟಬಹುದು. ಹಾಕದಿದ್ದರೆ ಬರಿಗಲ್ಲಿನ ಛಾವಣಿ ಇದೇ ಕೊನೆ.

ಕತಾಲ್ದೊ ಬಂದ ದಿನವೇ ಎಡವಟ್ಟಾಯಿತು. ಕಂಪ್ಯೂಟರ್ ಹೇಳಿದ ಕಲ್ಲನ್ನು ಬಿಟ್ಟು, ಒರೊಂಜೊನ ಕೈ ಹಳೆಯ ಚಾಳಿಯಂತೆ ಪಕ್ಕದ್ದನ್ನು ಎತ್ತಿಬಿಟ್ಟಿತು.

"ಮಾವ, ಅದಲ್ಲ. ಕೆಳಗಿಡು," ಎಂದಳು ಎರ್ಮೆಲಿಂದಾ.

"ಕೆಳಗಿಡೋದಾ? ನಮ್ಮ ವಂಶದಲ್ಲಿ ಎತ್ತಿದ ಕಲ್ಲನ್ನ ಯಾವನಾದ್ರೂ ನೆಲಕ್ಕಿಟ್ಟಿದ್ದಾನೇನೇ? ಎತ್ತಿದ್ಮೇಲೆ ಅದು ಗೋಡೆಗೇ ಹೋಗ್ಬೇಕು. ಒಂದೇ ಕಲ್ಲನ್ನ ಎರಡು ಸಲ ಹೊರೋಕೆ ನಾನೇನು ಕತ್ತೆನಾ?"

"ಬರೀ ಒಂದು ಕಲ್ಲು, ಮಾವ."

"ಇವತ್ತು ಒಂದು ಇಡ್ತೀನಿ, ನಾಳೆ ಹತ್ತು ಇಡ್ತೀನಿ. ಸಂಜೆಗೆ ನೋಡಿದ್ರೆ ರಾಶಿ ಚೆಂದಾಗಿರುತ್ತೆ, ಗೋಡೆ ಇರಲ್ಲ. ನಿನ್ನ ಪೆಟ್ಟಿಗೆಗೆ ಹೇಳು, ಇದಕ್ಕೇ ಜಾಗ ಹುಡುಕು ಅಂತ."

ಎರ್ಮೆಲಿಂದಾ ನಿಟ್ಟುಸಿರಿಟ್ಟಳು. ಮೂರು ವರ್ಷ ಅವಳು ಕಂಪ್ಯೂಟರಿಗೆ ಮನೆಗಳ ಮೈಕಟ್ಟನ್ನೆಲ್ಲ ಕಲಿಸಿದ್ದಳು. ಕಟ್ಟುವವನ ಈ ನೇಮವನ್ನು ಕಲಿಸಿರಲಿಲ್ಲ. ಈಗ ಅದನ್ನೂ ಬರೆದಳು: ಎತ್ತಿದ ಕಲ್ಲು ನೆಲಕ್ಕಿಲ್ಲ. ಕಂಪ್ಯೂಟರ್ ಯುಗಗಟ್ಟಲೆ ಯೋಚಿಸಿತು. "ಜಾಗ ಇದೆ ಮಾವ. ಆದ್ರೆ ಈ ಸುತ್ತಿನ ಏಳು ಕಲ್ಲು ತೆಗೆದು ಬೇರೆ ಥರ ಕೂರಿಸ್ಬೇಕು. ನಿನ್ನ ಕೈಲಿರೋದು ಕೊನೆಗೆ," ಎಂದಳು ಎರ್ಮೆಲಿಂದಾ.

ತೆಗೆದ ಕಲ್ಲೂ ಎತ್ತಿದ ಕಲ್ಲೇ ಅಲ್ಲವೇ? ಒರೊಂಜೊ ಕೈಯಲ್ಲಿದ್ದುದನ್ನು ಇನ್‌ಸ್ಪೆಕ್ಟರನ ತೋಳಿಗೆ ಜಾರಿಸಿದ. "ಹಿಡೀರಿ ಸಾಹೇಬ್ರೇ, ನೆಲ ಮುಟ್ಟಿಸ್ಬೇಡಿ." ತಮಾಷೆ ನೋಡಲು ಬಂದ ಏಳು ಮಂದಿ ನೆರೆಯವರಿಗೆ ಒಂದೊಂದರಂತೆ ಏಳು ಕಲ್ಲು ಹಂಚಿದ. ಮೊಟ್ಟೆಯನ್ನೂ ಕಲ್ಲಾಗಿಸುವ ಜುಲೈ ಬಿಸಿಲಿನಲ್ಲಿ ಎಂಟು ಜನ ಕೂಸು ಎತ್ತಿಕೊಂಡವರಂತೆ ನಿಂತರು.

"ನಂಗೆ ಕೊಟ್ಟಿರೋದು ಕಲ್ಲೋ, ನಿನ್ನ ಹೆಂಡ್ತಿ ಸುಟ್ಟ ರೊಟ್ಟಿಯೋ?" ಎಂದು ನೆರೆಮನೆಯ ನುಂಜಿಯಾತಿನಾ ಗೊಣಗಿದಳು.

"ರೊಟ್ಟಿ ಆಗಿದ್ರೆ ಇನ್ನೂ ಭಾರ ಇರ್ತಿತ್ತು ಕಣೇ."

ಒಂದೊಂದಾಗಿ ಏಳೂ ಕೂತವು. ಎಂಟನೆಯದಕ್ಕೆ ಒರೊಂಜೊನ ತೋಳು ಏಳಲಿಲ್ಲ. ನೀರಿನ ಲೋಟಕ್ಕೂ ಏಳದಷ್ಟು ಸೋತಿತ್ತು ಅದು. ಅವನು ಕೆಳಗಿಳಿದು ಏಣಿಗೆ ಹಣೆ ಆನಿಸಿದ. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ ಹೇಳಿದ: "ಆಗ್ತಿಲ್ಲ ಸಾಹೇಬ್ರೇ. ನೀವೇ ಇಡಿ."

ಕತಾಲ್ದೊ ಏದುಸಿರು ಬಿಡುತ್ತಾ ಹತ್ತಿದ. ಎರ್ಮೆಲಿಂದಾ ಹೇಳಿದಂತೆ ತುಸು ಒಳಕ್ಕೆ ವಾಲಿಸಿ ಕಲ್ಲನ್ನು ತುರುಕಿದ. ಸುತ್ತು ಬಿಗಿಯಿತು. ಎರಡೂ ಕೈಯಿಂದ ದಬ್ಬಿ ನೋಡಿದ, ಭುಜಕೊಟ್ಟು ದಬ್ಬಿದ, ಕೊನೆಗೆ ಅದರ ಮೇಲೆ ಕೂತೇಬಿಟ್ಟ. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಕಾಗದ ಕೊಡಮ್ಮ," ಎಂದ ಅಲ್ಲಿಂದಲೇ. "ಕೈ ನಡುಗ್ತಿದೆ. ಸಹಿ ಸೊಟ್ಟ ಆದ್ರೆ ನಡೆಯುತ್ತಾ?"

"ನಮ್ಮ ಯಾವ ಮನೆ ನೆಟ್ಟಗಿದೆ ಸಾಹೇಬ್ರೇ? ಹಾಕಿ," ಎಂದ ಒರೊಂಜೊ.

ಸಹಿ ಬಿತ್ತು. ನೆರೆಯವರು ಚಪ್ಪಾಳೆ ತಟ್ಟಲು ನೋಡಿದರು. ಯಾರ ಕೈಯೂ ಮೇಲೇಳಲಿಲ್ಲ. ಒರೊಂಜೊ ನೆರಳಿಗೆ ಬಂದು ನೆಲದ ಮೇಲೆಯೇ ಕುಸಿದ.

"ಇನ್ನೂ ಇನ್ನೂರು ಕಲ್ಲಿದೆ ಮಾವ," ಎಂದಳು ಎರ್ಮೆಲಿಂದಾ ಮೆಲ್ಲಗೆ.

"ನಿನ್ನ ಪೆಟ್ಟಿಗೆಗೆ ಇನ್ನೊಂದು ನೇಮ ಕಲಿಸು," ಎಂದ ಅವನು ಕಣ್ಣು ಮುಚ್ಚಿಕೊಂಡೇ. "ಕೂತ್ಮೇಲೆ ಮಾವ ಏಳಲ್ಲ."